ಮಾಂಸ ಮೆದುವಾಗಿಸುವ ಪುಡಿ

ಹೆಂಡತಿಯ ಕೆಮ್ಮು ಯಾವಾಗ ಶುರುವಾಯಿತು ಎಂದು ಕೇಳಿದರೆ ನನ್ನ ಹತ್ತಿರ ಮೂರು ಉತ್ತರಗಳಿವೆ. ಮೂರನ್ನೂ ಬೇರೆ ಬೇರೆ ದಿನ ಬೇರೆ ಬೇರೆಯವರಿಗೆ ಹೇಳಿದ್ದೇನೆ. ಹೇಳುವ ಹೊತ್ತಿಗೆ ಪ್ರತಿಸಲವೂ ನಂಬಿದ್ದೆ.

ಜೂನ್ ತಿಂಗಳ ಮೊದಲ ಮಳೆಗೆ ಮಂಗಳೂರಿನ ಕೊಟ್ಟಾರದ ನಮ್ಮ ಫ್ಲ್ಯಾಟಿನ ಬಡಗಣ ಗೋಡೆ ಒದ್ದೆಯಾಯಿತು, ಗೋಡೆಯಲ್ಲಿ ಬೂಷ್ಟು ಎದ್ದಿತು, ಅದರ ಮಾರನೆಯ ಬೆಳಿಗ್ಗೆ ಅವಳು ಕೆಮ್ಮುತ್ತಾ ಎದ್ದಳು. ಇದು ಒಂದು. ಅದಕ್ಕಿಂತ ಮೊದಲೇ, ಎಪ್ರಿಲಿನ ಸೆಕೆಯಲ್ಲಿ, ಯಾರದೋ ಮದುವೆಗೆ ಮಸಾಲೆ ಕಟ್ಟಿ ಕಳಿಸಿದ ಸಂಜೆ ಅವಳಿಗೆ ಎದೆ ಬಿಗಿದಿತ್ತು. ಇದು ಇನ್ನೊಂದು. ಮೂರನೆಯದನ್ನು ಉತ್ತರ ಎನ್ನಲಾಗದು: ಪಕ್ಕದ ಕೋಣೆಯಲ್ಲಿ ಅವಳು ಗಂಟಲು ಸರಿಮಾಡಿಕೊಳ್ಳುವ ಸದ್ದು ಎಷ್ಟೋ ತಿಂಗಳಿಂದ ಇತ್ತು, ಮಿಕ್ಸಿಯ ಸದ್ದಿನ ಹಾಗೆ, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇವುಗಳಲ್ಲಿ ಮೊದಲನೆಯದು ಚೆನ್ನಾಗಿತ್ತು. ಮಳೆ, ಗೋಡೆ, ಬೂಷ್ಟು, ಕೆಮ್ಮು: ಒಂದರ ಹಿಂದೆ ಒಂದು ಬರುತ್ತವೆ. ಡಾಕ್ಟರಿಗೆ ನಾನು ಹೇಳಿದ್ದು ಅದನ್ನೇ. ಆ ಕತೆಗೇ ಎರಡು ವರ್ಷ ಔಷಧಿ ತೆಗೆದುಕೊಂಡೆವು.

ನಾನು ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಕಾಗದಪತ್ರ ನೋಡುತ್ತಿದ್ದು ನಿವೃತ್ತನಾದವನು. ಆಗೊಮ್ಮೆ ಈಗೊಮ್ಮೆ ಕತೆ ಬರೆಯುತ್ತೇನೆ, ಹೆಚ್ಚಿನವು ಅರ್ಧಕ್ಕೆ ನಿಲ್ಲುತ್ತವೆ. ಹೆಂಡತಿ ಮಸಾಲೆ ಪುಡಿ ಮಾಡಿ ಮಾರುತ್ತಿದ್ದಳು. ಕೋಳಿ ಸುಕ್ಕದ ಪುಡಿ, ಮೀನಿನ ಪುಡಿ ಎಲ್ಲ ಇದ್ದವು, ಆದರೆ ಜನ ಫೋನು ಮಾಡಿ ಕೇಳುತ್ತಿದ್ದುದು ಮಟನ್ ಪುಡಿಯನ್ನು. ಅದನ್ನು ಮಾಂಸಕ್ಕೆ ಸವರಿ ಅರ್ಧ ಗಂಟೆ ಇಟ್ಟರೆ ಎಂಥ ಗಟ್ಟಿ ಮಾಂಸವೂ ಎಲುಬಿನಿಂದ ತಾನಾಗಿ ಬಿಟ್ಟು ಬರುತ್ತಿತ್ತು. ಪೊಟ್ಟಣದ ಲೇಬಲ್ಲಿನ ಮೇಲೆ ಅವಳ ಹೆಸರಿತ್ತು. ನಮ್ಮ ಮನೆಯಲ್ಲಿ ಅಚ್ಚಾದ ಹೆಸರು ಅದೊಂದೇ.

ಗುಟ್ಟು ಪಪ್ಪಾಯಿ. ಅದನ್ನು ಅವಳು ಕಲಿತದ್ದು ಬಂದರಿನ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸಿನಿಂದ. ಗೋದಾಮುಗಳ ಹಿಂದಿನ ಓಣಿಯಲ್ಲಿ ಆಕೆಯ ಅಡುಗೆಮನೆ, ಮದುವೆಗೆ, ಮುಂಜಿಗೆ ಬಿರಿಯಾನಿ ಮಾಡಿ ಕೊಡುತ್ತಾರೆ. ಗಂಡ ಇಬ್ಬರು ಮಕ್ಕಳೊಂದಿಗೆ ಸೌದಿಯ ದಮ್ಮಾಮಿನಲ್ಲಿ. ಆಕೆ ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾರೆ, ಹೆಂಡತಿ ಆಕೆಯನ್ನು ಅಕ್ಕ ಎನ್ನುತ್ತಾಳೆ. ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಂಡಂತಿಲ್ಲ. ಇಲ್ಲಿ ನಾನು ಅವರನ್ನು ಬಂದರಿನ ಅಕ್ಕ ಎಂದು ಬರೆಯುತ್ತೇನೆ.

ಬಂದರಿನ ಅಕ್ಕ ಹಸಿ ಪಪ್ಪಾಯಿಯನ್ನು ಸಿಪ್ಪೆ ಸಮೇತ ತುರಿದು ಮಾಂಸಕ್ಕೆ ಕಲಸುತ್ತಿದ್ದರು, ಅಷ್ಟೇ. ಅದನ್ನು ಪುಡಿಯಾಗಿಸಬೇಕೆಂದು ಹೊರಟವಳು ನನ್ನ ಹೆಂಡತಿ. ಫ್ಲ್ಯಾಟಿನಲ್ಲಿ ಇರುವವರು ಹಸಿ ಪಪ್ಪಾಯಿಗೆ ಎಲ್ಲಿಗೆ ಹೋಗಬೇಕು ಎಂದು ಅವಳ ವಾದ. ಮೊದಲು ಹೋಳು ಮಾಡಿ ಟೆರೇಸಿನಲ್ಲಿ ಒಣಗಿಸಿ ಬೀಸುತ್ತಿದ್ದಳು. ಮಳೆಗಾಲದಲ್ಲಿ ಅದು ನಡೆಯಲಿಲ್ಲ. ಆಗ ಬಂದರಿನ ಸಗಟು ಅಂಗಡಿಯೊಂದರಲ್ಲಿ ಡಬ್ಬದಲ್ಲಿ ಬರುವ ಕೆನೆಬಣ್ಣದ ಪುಡಿ ಸಿಕ್ಕಿತು. ಹಸಿ ಕಾಯಿಯ ಮೈಗೆ ಗೀರು ಹಾಕಿದಾಗ ಒಸರುವ ಬಿಳಿ ಹಾಲನ್ನು ಒಣಗಿಸಿ ಮಾಡಿದ್ದು. ತಿನ್ನುವ ಸಾಮಾನೇ, ಧೈರ್ಯವಾಗಿ ತಕ್ಕೊಳ್ಳಿ ಎಂದು ಅಂಗಡಿಯವರು ಹೇಳಿದರು. ಅವರು ಸುಳ್ಳು ಹೇಳಲಿಲ್ಲ.

ಅಡುಗೆಮನೆಯ ಹಿಂದೆ ಒಂದು ಸಣ್ಣ ಕೋಣೆ ಉಂಟು. ಅದು ಪುಡಿಯ ಕೋಣೆಯಾಯಿತು. ಈ ಊರಿನ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಆ ಪುಡಿಯ ಪಾಡು ಕೇಳಬೇಕೇ. ಬಾಗಿಲ ಗಂಟೆ ಸದ್ದು ಮಾಡಿತೆಂದು ಡಬ್ಬ ತೆರೆದಿಟ್ಟು ಹೋಗಿ ಬಂದರೆ ಗಂಟು ಕಟ್ಟಿರುತ್ತಿತ್ತು. ಆದ್ದರಿಂದ ಕಿಟಕಿ ಮುಚ್ಚಿದ್ದೇ. ಫ್ಯಾನ್ ಹಾಕಿದರೆ ಪುಡಿ ಹಾರುತ್ತದೆ, ಆದ್ದರಿಂದ ಫ್ಯಾನ್ ಇಲ್ಲ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಸುತ್ತಿ ಇಡುತ್ತಿದ್ದಳು. ಒಳಗೆ ದೊಡ್ಡ ಅಲ್ಯುಮಿನಿಯಂ ಪಾತ್ರೆಯಲ್ಲಿ ಮೆಣಸು, ಕೊತ್ತಂಬರಿ, ಕಾಳುಮೆಣಸಿನ ಪುಡಿಗೆ ಇದನ್ನು ಸೇರಿಸಿ ಮರದ ಸೌಟಿನಿಂದ ತಿರುವಿ, ಬಟ್ಟೆಯಲ್ಲಿ ಸೋಸಬೇಕು. ಸೋಸುವಾಗ ಹಗುರವಾದದ್ದು ಮೇಲಕ್ಕೆ ಏಳುತ್ತದೆ. ಹೊರಗೆ ಬರುವಾಗ ಅವಳ ರೆಪ್ಪೆಗಳ ಮೇಲೆ ಅದು ಕೂತಿರುತ್ತಿತ್ತು.

ಮೊದಲ ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಅವರ ಕ್ಲಿನಿಕ್ಕಿನಲ್ಲಿ ಹೆಂಡತಿಯ ಪಕ್ಕದಲ್ಲಿ ಕೂತು ಮಾತಾಡಿದ್ದೆಲ್ಲ ನಾನೇ. ಮಳೆಯಿಂದ ಶುರುವಾದದ್ದು ಎಂದೆ. ಅವಳ ತಾಯಿಗೂ ಹೀಗೇ ಕೆಮ್ಮಿತ್ತು, ವಂಶದಲ್ಲೇ ಉಂಟು ಎಂದೆ. ಅವಳ ತಾಯಿ ಕೆಮ್ಮುತ್ತಿದ್ದುದು ನಿಜ. ಬದುಕೆಲ್ಲ ಹಸಿ ಸೌದೆಯ ಒಲೆ ಊದಿದವರು. ಆದರೆ ಒಲೆಯ ವಿಷಯ ಹೇಳಿದರೆ ಮಾತು ಬೇರೆ ಕಡೆಗೆ ಹೋಗುತ್ತಿತ್ತು.

"ಮನೆಯಲ್ಲಿ ಧೂಳು ಉಂಟಾ?" ಎಂದು ಅವರು ಕೇಳಿದರು.

"ಇಲ್ಲ ಡಾಕ್ಟ್ರೆ, ಇವಳು ದಿನಕ್ಕೆ ಎರಡು ಸಲ ನೆಲ ಒರೆಸ್ತಾಳೆ."

ಹೆಂಡತಿಯ ಮುಖದಲ್ಲಿ ಸ್ವಲ್ಪ ಹೆಮ್ಮೆ ಕಂಡಿತು. ನಾವಿಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಧೂಳು ಎಂದರೆ ರಸ್ತೆಯದ್ದು, ಸಿಮೆಂಟಿನದ್ದು. ತಿನ್ನುವ ವಸ್ತುವನ್ನು ಧೂಳು ಎಂದರೆ ಅವಳಿಗೆ ಅವಮಾನವಾಗುತ್ತಿತ್ತು. ಮಸಾಲೆ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವಳು ಅವಳು.

ಆಗ ಅವಳು ಒಂದು ಮಾತು ಹೇಳಿದಳು: "ಭಾನುವಾರ ಕಡಿಮೆ ಇರ್ತದೆ ಡಾಕ್ಟ್ರೆ."

ನಾನು ಅದನ್ನು ತಕ್ಷಣ ಎತ್ತಿಕೊಂಡೆ. "ಭಾನುವಾರ ವಿಶ್ರಾಂತಿ ಅಲ್ವಾ, ಅದಕ್ಕೆ."

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಈ ಜಾಗಕ್ಕೆ ನಾನು ಮತ್ತೆ ಮತ್ತೆ ಬರುತ್ತೇನೆ. ಭಾನುವಾರ ಅವಳು ಪುಡಿಯ ಕೋಣೆಗೆ ಹೋಗುತ್ತಿರಲಿಲ್ಲ. ಅವಳು ನಾಲ್ಕು ಪದಗಳಲ್ಲಿ ಕಾಯಿಲೆಯನ್ನು ತಂದು ಮೇಜಿನ ಮೇಲಿಟ್ಟಳು, ನಾನು ಅದಕ್ಕೆ ಕಾರಣ ಜೋಡಿಸಿ ಕಟ್ಟಿ ವಾಪಸು ಕೊಟ್ಟೆ. ಅವಳ ಒಡಹುಟ್ಟಿದ ಅಕ್ಕನ ಮನೆಗೆ ಕುಂದಾಪುರಕ್ಕೆ ಹತ್ತು ದಿನ ಹೋಗಿದ್ದಾಗ ಕೆಮ್ಮೇ ಇರಲಿಲ್ಲ ಎಂಬುದನ್ನೂ ಅವಳು ಹೇಳಬೇಕೆಂದಿದ್ದಳಂತೆ. ಅಲ್ಲಿ ಮಳೆ ಇಲ್ಲಿಗಿಂತ ಕಡಿಮೆ ಏನಲ್ಲ. ಅದು ನನ್ನ ಕತೆಗೆ ಹೊಂದುತ್ತಿರಲಿಲ್ಲ. ನಾನು ಆಗಲೇ ಎದ್ದು ನಿಂತಿದ್ದೆನಂತೆ. ಎದ್ದದ್ದು ನನಗೆ ನೆನಪಿಲ್ಲ. ಅವಳಿಗೆ ನೆನಪುಂಟು.

ತೇವದಿಂದ ಬಂದ ಅಸ್ತಮಾ ಎಂದು ಹೇಳಿ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಕೊಟ್ಟರು, ಮನೆಯನ್ನು ಒಣಗಿಸಿಡಿ ಎಂದರು. ನಾನು ಅದನ್ನು ಶ್ರದ್ಧೆಯಿಂದ ಮಾಡಿದೆ. ಗಾಳಿಯ ತೇವ ಹೀರುವ ಯಂತ್ರವೊಂದನ್ನು ತಂದೆ. ಅದನ್ನು ಎಲ್ಲಿಡಬೇಕು? ಪುಡಿಯೂ ಹಾಳಾಗಬಾರದು, ಅವಳಿಗೂ ಹಿತವಾಗಬೇಕು. ಪುಡಿಯ ಕೋಣೆಯಲ್ಲೇ ಇಟ್ಟೆ. ಇಡೀ ಮನೆಯಲ್ಲಿ ಅದೊಂದು ಕೋಣೆ ಬೇಸಿಗೆಯ ಹಾಗೆ ಒಣಗಿ ನಿಂತಿತು. ಮಧ್ಯಾಹ್ನ ಊಟವಾದ ಮೇಲೆ ಅವಳು ಒಂದು ಗಂಟೆ ಮಲಗುತ್ತಾಳೆ. ಹಜಾರದಲ್ಲಿ ಗೋಡೆ ಒದ್ದೆ, ಮಲಗುವ ಕೋಣೆಯಲ್ಲೂ ಒದ್ದೆ. ನಾನು ಮಡಚುವ ಮಂಚವನ್ನು ಎತ್ತಿಕೊಂಡು ಹೋಗಿ ಪುಡಿಯ ಕೋಣೆಯಲ್ಲಿ ಹಾಕಿದೆ.

"ಇಲ್ಲಿ ಮಲಗು. ಇಡೀ ಮಂಗಳೂರಿನಲ್ಲಿ ಇಷ್ಟು ಒಣ ಜಾಗ ಇಲ್ಲ."

"ಹಪ್ಪಳ ಒಣಗಿಸಿದ ಹಾಗೆ ಒಣಗಿಸ್ತೀರಾ ನನ್ನನ್ನು?" ಎಂದಳು. ಆದರೂ ಮಲಗಿದಳು.

ಮಾತು ಆಡಿದ್ದು ತುಳುವಿನಲ್ಲಿ. ಮನೆಯೊಳಗೆ ನಾವು ಕನ್ನಡ ಆಡುವವರಲ್ಲ. ಇಲ್ಲಿ ಕನ್ನಡಕ್ಕೆ ತರುವಾಗಲೇ ಮಾತು ಸ್ವಲ್ಪ ಇಸ್ತ್ರಿ ಮಾಡಿದಂತೆ ಆಗಿದೆ. ತುಳುವಿನಲ್ಲಿ ಅವಳ ದನಿಯಲ್ಲಿ ಸುಸ್ತು ಹೆಚ್ಚಿತ್ತು, ತಮಾಷೆ ಇಷ್ಟು ಇರಲಿಲ್ಲ.

ಎರಡು ವರ್ಷ. ಎದೆಯಲ್ಲಿ ಸಿಳ್ಳೆ, ಔಷಧಿ, ಸ್ವಲ್ಪ ಸಮಾಧಾನ, ಮತ್ತೆ ಸಿಳ್ಳೆ. ಮೂರನೆಯ ಮಾಳಿಗೆಯ ನಮ್ಮ ಮನೆಗೆ ಮೊದಲು ಕೈಯಲ್ಲಿ ಚೀಲ ಹಿಡಿದು ಒಂದೇ ಉಸಿರಿಗೆ ಹತ್ತುತ್ತಿದ್ದಳು. ಆಮೇಲೆ ಎರಡನೆಯ ಮಾಳಿಗೆಯಲ್ಲಿ ನಿಲ್ಲತೊಡಗಿದಳು, ಆಮೇಲೆ ಒಂದನೆಯದರಲ್ಲೂ. ಲಿಫ್ಟ್ ಇಲ್ಲದ ಕಟ್ಟಡ. ಅವಳು ನಿಂತಾಗ ನಾನೂ ನಿಂತು ಮೊಬೈಲ್ ನೋಡುತ್ತಿದ್ದೆ, ಅವಳಿಗೆ ಮುಜುಗರವಾಗಬಾರದೆಂದು. ಹಾಗೆಂದು ಈಗ ಹೇಳುತ್ತಿದ್ದೇನೆ. ಸುಮ್ಮನೆ ಮೊಬೈಲ್ ನೋಡುತ್ತಿದ್ದೆನೋ ಏನೋ.

ಒಂದು ದಿನ ಬಂದರಿನ ಅಕ್ಕ ಮನೆಗೆ ಬಂದರು. ಪುಡಿಯ ಕೋಣೆಯ ಬಾಗಿಲು ತೆರೆದು, ಮಂಚದ ಮೇಲೆ ಮಲಗಿದ್ದ ಹೆಂಡತಿಯನ್ನು ನೋಡಿ, ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತರು.

"ಎಂತ ಅಕ್ಕ, ಇದು ಮನೆಯಾ ಗೋದಾಮಾ? ನಮ್ಮ ಬಂದರಿನ ಮೆಣಸಿನ ಗೋದಾಮಿಗಾದ್ರೂ ಗಾಳಿ ಬರ್ಲಿಕ್ಕೆ ಒಂದು ತೂತು ಉಂಟು."

"ಒಣಗಿದ ಜಾಗ ಬೇಕಂತೆ, ಡಾಕ್ಟ್ರು ಹೇಳಿದ್ದಾರೆ," ಎಂದೆ.

"ಡಾಕ್ಟ್ರಿಗೆ ಯಾರು ಹೇಳಿದ್ದು?"

ಅವರು ಬೇರೊಬ್ಬ ಡಾಕ್ಟರ ಹೆಸರು ಹೇಳಿದರು, ಶ್ವಾಸಕೋಶದವರು, ಹೆಂಗಸು. ತಮ್ಮ ನಾದಿನಿಗೆ ಗುಣವಾದದ್ದು ಅಲ್ಲೇ ಎಂದರು.

ಆ ಡಾಕ್ಟರು ಚಿಕ್ಕ ವಯಸ್ಸಿನವರು. ನಾನು ಮಳೆಯಿಂದ ಶುರು ಮಾಡಿ ಬೂಷ್ಟಿನವರೆಗೆ ಬಂದಿದ್ದೆ, ಅಷ್ಟರಲ್ಲಿ ಕೈ ಎತ್ತಿದರು.

"ನೀವು ಚೆಂದ ಹೇಳ್ತೀರಿ ಸರ್. ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ಒಳಗೆ ನಡೆದದ್ದನ್ನು ನಾನು ನೋಡಿಲ್ಲ. ಹೆಂಡತಿ ಹೇಳಿದ ಪ್ರಕಾರ ಡಾಕ್ಟರು ಕೇಳಿದ್ದು ಇಷ್ಟೇ: ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಎಂತೆಲ್ಲ ಮಾಡ್ತೀರಿ, ಕೈಯಿಂದ ಎಂತೆಲ್ಲ ಮುಟ್ತೀರಿ. ಅವಳು ಹೇಳುತ್ತಾ ಹೋದಳು. ಸೋಸುವಲ್ಲಿಗೆ ಬಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು, ಆ ಕೋಣೆಗೆ ಕಿಟಕಿ ಉಂಟಾ ಎಂದು ಕೇಳಿದರು. ಮಧ್ಯಾಹ್ನ ಎಲ್ಲಿ ಮಲಗ್ತೀರಿ ಎಂದು ಕೇಳಿದರು.

ಮುಂದಿನ ವಾರ ಮುಂಗೈಯ ಮೇಲೆ ಪರೀಕ್ಷೆ. ಚರ್ಮದ ಮೇಲೆ ಪೆನ್ನಿನಿಂದ ಅಂಕೆಗಳನ್ನು ಬರೆದು, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಸೂಜಿಯ ಮೊನೆಯಿಂದ ಮೆಲ್ಲನೆ ಚುಚ್ಚಿದರು. ಹಾಸಿಗೆಯ ಧೂಳುಹುಳ, ಜಿರಳೆ, ಎರಡು ಮೂರು ಬಗೆಯ ಬೂಷ್ಟು, ಕೊನೆಯಲ್ಲಿ ಪಪ್ಪಾಯಿ ಹಾಲಿನ ನೀರು. ಈ ಸಲ ನನ್ನನ್ನು ಒಳಗೆ ಬಿಟ್ಟಿದ್ದರು. ಕಾಯುತ್ತಾ ಕೂತೆವು. ನಾನು ಬೂಷ್ಟಿನ ಅಂಕೆಯನ್ನೇ ನೋಡುತ್ತಿದ್ದೆ. ಅದು ಉಬ್ಬಲಿ ಎಂದು ಮನಸ್ಸಿನಲ್ಲಿ ಇತ್ತು ಎನ್ನುವುದನ್ನು ಬರೆಯಲೇಬೇಕು. ಬೂಷ್ಟಿನ ಜಾಗದಲ್ಲಿ ಏನೂ ಆಗಲಿಲ್ಲ. ಕೊನೆಯದು ಸೊಳ್ಳೆ ಕಚ್ಚಿದ ಹಾಗೆ ಎದ್ದು, ಸುತ್ತ ಕೆಂಪಾಗಿ ಹರಡಿತು.

"ಇದು ಮಾಂಸಕ್ಕೆ ಎಂತ ಮಾಡ್ತದೆ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಮೆದು ಮಾಡ್ತದೆ."

"ಶ್ವಾಸಕೋಶ ಎಂತದರಿಂದ ಆದದ್ದು?"

ಹೆಂಡತಿ ತನ್ನ ಮುಂಗೈಯನ್ನು ನೋಡುತ್ತಿದ್ದಳು.

"ಹೆದರಬೇಡಿ, ಕುರಿಮಾಂಸದ ಹಾಗೆ ಕರಗುವುದಿಲ್ಲ," ಎಂದು ಅವರು ಅವಳ ಕಡೆ ತಿರುಗಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಬರೆಯುತ್ತೇನೆ. ಪಪ್ಪಾಯಿ ಹಾಲಿನಲ್ಲಿ ಇರುವುದು ಒಂದು ಎಂಜೈಮ್. ಶಾಲೆಯ ಪುಸ್ತಕದಲ್ಲಿ ಕಿಣ್ವ ಎಂದು ಓದಿದ್ದು ಅದನ್ನೇ. ಅದರ ಕೆಲಸ ಪ್ರೋಟೀನನ್ನು ಕತ್ತರಿಸುವುದು, ಬೇರೆ ಕೆಲಸ ಗೊತ್ತಿಲ್ಲ. ಉಸಿರುನಾಳದ ಒಳಪೊರೆಯ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದು ಪ್ರೋಟೀನಿನಿಂದಲೇ. ಉಸಿರಿನ ಜೊತೆ ಒಳಗೆ ಹೋದ ಪುಡಿ ಆ ಅಂಟನ್ನು ಅಲ್ಲಲ್ಲಿ ಬಿಡಿಸುತ್ತದೆ. ಬಿಟ್ಟ ಸಂದಿಯಿಂದ ಇನ್ನೂ ಒಳಗೆ ಇಳಿಯುತ್ತದೆ. ಪೆಟ್ಟಾದ ಜೀವಕೋಶಗಳು ಸುದ್ದಿ ಕಳಿಸುತ್ತವೆ, ರಕ್ತದಿಂದ ರಕ್ಷಣೆಯ ಕೋಶಗಳು ಬರುತ್ತವೆ. ಬಂದವು ಆ ಪುಡಿಯ ಗುರುತು ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿಂದ ಮುಂದೆ ಚಿಟಿಕೆ ಸಾಕು: ನಾಳದ ಗೋಡೆ ಊದುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಕಷ್ಟವೇನೆಂದರೆ ಹೀಗೆ ಬರುವ ಕೋಶಗಳ ಹೊಟ್ಟೆಯಲ್ಲೂ ಪ್ರೋಟೀನ್ ಕತ್ತರಿಸುವ ಎಂಜೈಮ್‌ಗಳೇ ಇವೆ. ರೋಗಾಣುಗಳಿಗೆಂದು ಇಟ್ಟುಕೊಂಡದ್ದು. ಅವುಗಳನ್ನು ಹತೋಟಿಯಲ್ಲಿಡಲು ದೇಹದಲ್ಲಿ ಬೇರೆ ವಸ್ತುಗಳಿವೆ. ಉರಿಯೂತ ತಿಂಗಳುಗಟ್ಟಲೆ ನಿಲ್ಲದಿದ್ದರೆ ಆ ಹತೋಟಿ ಸಾಲದೆ ಬರುತ್ತದೆ. ಆಗ ಹೊರಗಿನದ್ದು ಕತ್ತರಿಸಿದ್ದು ಎಷ್ಟು, ನಮ್ಮದೇ ಕತ್ತರಿಸಿದ್ದು ಎಷ್ಟು ಎಂದು ಬೇರೆ ಮಾಡಿ ಹೇಳಲಿಕ್ಕಾಗುವುದಿಲ್ಲ.

ಇಷ್ಟು ಸಾಲಾಗಿ ಅವರು ಹೇಳಿರಲಿಕ್ಕಿಲ್ಲ. ನಡುವೆ ಫೋನು ಬಂತು, ನರ್ಸ್ ಬಂದರು. ಜೋಡಿಸಿದ್ದು ನಾನು. ಜೋಡಿಸುವ ಚಾಳಿ ಬಿಡುವುದಿಲ್ಲ.

ಹೆಂಡತಿ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಇನ್ನು ಪುಡಿ ಮಾಡ್ಲಿಕ್ಕೆ ಆಗುವುದಿಲ್ವಾ?"

"ಮೆಣಸು, ಕೊತ್ತಂಬರಿ ಎಲ್ಲ ಮಾಡಿ. ಕಿಟಕಿ ತೆರೆದು, ಮಾಸ್ಕ್ ಹಾಕಿ. ಇದೊಂದು ಮಾತ್ರ ಬೇಡ. ಮನೆಯಲ್ಲೇ ಇರಬಾರದು."

"ಜನ ಕೇಳುವುದು ಅದನ್ನೇ."

"ಜನ ಕೇಳ್ತಾರೆ. ನೀವು ಈಗ ನಿಲ್ಲಿಸಿದ್ರೆ ಸರಿಯಾಗುವ ಸಾಧ್ಯತೆ ಉಂಟು. ಇನ್ನೊಂದು ವರ್ಷ ಎಳೆದ್ರೆ ಆ ಮಾತು ನಾನು ಹೇಳುವುದಿಲ್ಲ."

ಊದುವ ಒಂದು ಸಣ್ಣ ಕೊಳವೆ ಕೊಟ್ಟರು. ದಿನಕ್ಕೆ ಮೂರು ಸಲ ಜೋರಾಗಿ ಊದಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದಿಡಬೇಕು. ಬರೆಯುವ ಪುಸ್ತಕ ಅವಳ ಹತ್ತಿರವೇ ಇರಲಿ ಎಂದು ಡಾಕ್ಟರು ನನ್ನನ್ನು ನೋಡಿ ಹೇಳಿದರು.

ಮನೆಗೆ ಬಂದು ಮಂಚವನ್ನು ಹೊರಗೆ ತಂದೆ. ಮಂಚದ ಬಟ್ಟೆಯನ್ನು ಬಾಲ್ಕನಿಯಲ್ಲಿ ಕೊಡವಲು ಹೊರಟವನು ನಿಂತೆ. ಕೊಡವಬಾರದು. ಒದ್ದೆ ಮಾಡಿ ಒರೆಸಬೇಕು. ಎರಡು ವರ್ಷ ಒಣಗಿಸಿದ ಮನೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಹೋದೆ, ಕಿಟಕಿಯ ಸರಳು, ಬಲ್ಬು, ಬಾಗಿಲ ಮೇಲಂಚು. ಬಟ್ಟೆಯಲ್ಲಿ ಕೆನೆಬಣ್ಣ ಬರುತ್ತಲೇ ಇತ್ತು. ಅವಳನ್ನು ಅಷ್ಟು ದಿನ ಕುಂದಾಪುರಕ್ಕೆ ಕಳಿಸಿದ್ದೆ. ಅಲ್ಲಿಂದ ಫೋನಿನಲ್ಲಿ ಕೊಳವೆಯ ಮುಳ್ಳು ದಿನಾ ಸ್ವಲ್ಪ ಸ್ವಲ್ಪ ಮೇಲೆ ಹೋಗುತ್ತಿದೆ ಎಂದಳು. ಖುಷಿಯಿಂದ ಹೇಳಿದಂತೆ ಕೇಳಿಸಲಿಲ್ಲ. ಮೇಲೆ ಹೋದಷ್ಟೂ ಪುಡಿಯೇ ಕಾರಣವೆಂದು ಖಚಿತವಾಗುತ್ತದೆ, ಅವಳ ಕೆಲಸ ಮುಗಿದಂತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ.

ಬಂದರಿನ ಅಕ್ಕ ಒಂದು ದೊಡ್ಡ ಮದುವೆಯ ಅಡುಗೆಗೆ ಒಪ್ಪಿಕೊಂಡಿದ್ದರು. ಅಷ್ಟು ಮಾಂಸಕ್ಕೆ ಹಸಿ ಪಪ್ಪಾಯಿ ತುರಿಯುತ್ತಾ ಕೂತರೆ ಆಗುವುದಿಲ್ಲವೆಂದು ಹೆಂಡತಿಯ ಪುಡಿಯನ್ನೇ ನಂಬಿದ್ದರು. ಪುಡಿ ಇಲ್ಲ ಎಂದು ಅವರಿಗೆ ಹೇಳಬೇಕು. ಕುಂದಾಪುರದಿಂದ ಮರಳಿದ ಹೆಂಡತಿ ಎರಡು ದಿನ ಫೋನು ಕೈಯಲ್ಲಿ ಹಿಡಿದು ಕೂತಳು, ಮಾಡಲಿಲ್ಲ.

"ನಾನು ಮಾಡಿ ಕೊಡ್ತೇನೆ," ಎಂದೆ. "ಟೆರೇಸಿನ ಮೇಲೆ, ನೀರಿನ ಟಾಂಕಿಯ ಪಕ್ಕದ ಕೋಣೆಯಲ್ಲಿ. ಉಳಿದ ಡಬ್ಬಗಳನ್ನು ಅಲ್ಲೇ ಇಟ್ಟಿದ್ದೇನೆ. ನೀನು ಮೇಲೆ ಬರಬೇಡ."

"ನಿಮಗೆ ಕೆಮ್ಮು ಬಂದ್ರೆ?"

"ಇಷ್ಟು ವರ್ಷ ಬಂದಿಲ್ಲ, ಈಗ ಎಂತ ಬರುವುದು?"

ಅವಳು ಬೇಡ ಎನ್ನಲಿಲ್ಲ. ಅವಳೇ ಅಳತೆ ಹೇಳಿಕೊಟ್ಟಳು, ಎಷ್ಟು ಬಟ್ಟಲಿಗೆ ಎಷ್ಟು ಚಮಚ ಎಂದು. ಹೇಳುವಾಗ ಮುಖ ಬಹಳ ದಿನಗಳ ಮೇಲೆ ಗೆಲುವಾಗಿತ್ತು.

ಮೈ ಒರೆಸುವ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡು ಬೆಳಿಗ್ಗೆಯಿಂದ ಕಲಸಿದೆ, ಸೋಸಿದೆ, ಪೊಟ್ಟಣ ಕಟ್ಟಿದೆ. ನಾಲ್ಕು ಗಂಟೆಗೆ ಮುಗಿಯಿತು. ಟಾಂಕಿಯ ನಳ್ಳಿಯಲ್ಲಿ ಮುಖ, ಕೈ, ಕಾಲು ಚೆನ್ನಾಗಿ ತೊಳೆದು ಕೆಳಗೆ ಬಂದೆ. ಅವಳು ಸೋಫಾದಲ್ಲಿ ಕೂತು ಟೀವಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು, ಎಲ್ಲ ನೀನು ಹೇಳಿದ ಹಾಗೇ ಬಂದಿದೆ ಎಂದೆ. ಬೆವರಿತ್ತು, ಅಂಗಿಯ ತುದಿಯಿಂದ ಗಾಳಿ ಹಾಕಿಕೊಂಡೆ.

ಅವಳು ಮೊದಲು ಕೆಮ್ಮಲಿಲ್ಲ. ಏನೋ ಹೇಳುತ್ತಿದ್ದವಳು ಮಾತು ನಿಲ್ಲಿಸಿದಳು. ಆಮೇಲೆ ಎರಡು ಕೈಗಳನ್ನು ಮೊಣಕಾಲಿನ ಮೇಲೆ ಊರಿ ಮುಂದಕ್ಕೆ ಬಾಗಿದಳು, ಭುಜಗಳು ಕಿವಿಯವರೆಗೆ ಏರಿದವು. ಎಳೆದುಕೊಳ್ಳುವ ಔಷಧಿ ಎರಡು ಸಲ, ಮೂರು ಸಲ ಕೊಟ್ಟೆ, ಕೇಳಲಿಲ್ಲ. ತುಟಿಯ ಬಣ್ಣ ಹೋಗತೊಡಗಿತು. ನಾನು ಅವಳನ್ನು ತಬ್ಬಿ ಹಿಡಿದುಕೊಂಡು ಮೆಟ್ಟಿಲು ಇಳಿಸಿದೆ. ತಬ್ಬಿ ಹಿಡಿದುಕೊಂಡು. ಆ ಅಂಗಿಯಲ್ಲೇ.

ಆಟೋ ಸಿಕ್ಕಿತು, ಕೊಟ್ಟಾರ ಚೌಕಿಯಲ್ಲಿ ಹೈವೇಯ ದಟ್ಟಣೆಗೆ ಸಿಕ್ಕಿ ನಿಂತಿತು. ಆಟೋದಲ್ಲಿ ಅವಳು ನನ್ನ ಕೈ ಹಿಡಿದಿದ್ದಳು ಎಂದು ನೆನಪು ಹೇಳುತ್ತದೆ. ಸುಳ್ಳು. ಅವಳ ಎರಡೂ ಕೈಗಳು ಡ್ರೈವರನ ಹಿಂದಿನ ಸರಳನ್ನು ಹಿಡಿದಿದ್ದವು, ಮುಖ ಹೊರಗಿನ ಗಾಳಿಗೆ ಇತ್ತು. ನನ್ನಿಂದ ದೂರಕ್ಕೆ ಬಾಗಿದ್ದಳು. ಅವಳ ಮೈಗೆ ಕಾರಣ ಗೊತ್ತಿತ್ತು, ಅವಳಿಗೂ ನನಗೂ ಇನ್ನೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟರು, ಸೂಜಿ ಕೊಟ್ಟರು. ಒಂದು ಗಂಟೆಯ ಮೇಲೆ ಉಸಿರು ಹಿಡಿತಕ್ಕೆ ಬಂತು. ಡಾಕ್ಟರು ಬಂದು ಅವಳನ್ನು ನೋಡಿ, ಆಮೇಲೆ ನನ್ನ ಹತ್ತಿರ ಬಂದು, ನನ್ನ ಅಂಗಿಯ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಇವತ್ತು ಎಲ್ಲಿದ್ರಿ ಸರ್?"

ಹೇಳಿದೆ. ಈ ಸಲ ಹಿಂದು ಮುಂದು ಜೋಡಿಸದೆ ಹೇಳಿದೆ.

ಅವರು ಬೈಯಲಿಲ್ಲ. ಅವರಿಗೂ ದಣಿವಾಗಿತ್ತು. "ನಿಮಗೆ ಏನೂ ಆಗಲಿಲ್ಲ, ಅದು ನಿಮ್ಮ ಅದೃಷ್ಟ. ಅವರ ರಕ್ತದಲ್ಲಿ ಇದರ ಗುರುತು ಕೂತಾಗಿದೆ. ಅದು ಮರೆಯುವುದಿಲ್ಲ. ನಿಮ್ಮ ಅಂಗಿ, ತಲೆಕೂದಲು, ಅಷ್ಟು ಸಾಕು," ಎಂದರು. "ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ. ಅಲ್ಲಿಯವರೆಗೆ ಅವರ ಹತ್ತಿರ ಕೂತ್ಕೊಳ್ಬೇಡಿ."

ಬಾಗಿಲಲ್ಲಿ ನಿಂತು ನೋಡಿದೆ. ಮಾಸ್ಕಿನ ಹಿಂದೆ ಕಣ್ಣು ಮುಚ್ಚಿತ್ತು. ಅವಳ ದೇಹದ ನೆನಪು ನನ್ನದರ ಹಾಗಲ್ಲ ಎಂದು ಆಗ ಹೊಳೆಯಿತು ಎಂದು ಬರೆಯಬಹುದು. ಆದರೆ ಆಗ ಹೊಳೆದದ್ದು ಅದಲ್ಲ. ಟೆರೇಸಿನ ಮೇಲೆ ಕಟ್ಟಿಟ್ಟ ಪೊಟ್ಟಣಗಳು ಸಂಜೆಯ ಗಾಳಿಗೆ ತೇವ ಎಳೆದುಕೊಳ್ಳುತ್ತವಲ್ಲ ಎಂದು ನನಗೆ ಅನಿಸಿತು. ಆ ಹೊತ್ತಿನಲ್ಲಿ ಅದೇ ಅನಿಸಿತು.

ಮಾರನೆಯ ದಿನ ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಕಸಕ್ಕೆ ಕೊಟ್ಟೆ. ಡಬ್ಬಗಳನ್ನೂ ಕೊಟ್ಟೆ. ಬಂದರಿನ ಅಕ್ಕನಿಗೆ ನಾನೇ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ.

"ನನ್ನ ಮದುವೆ ಆರ್ಡರಿಗೆ ಅಂತ ಮಾಡಿದ್ದಾ?" ಎಂದು ಕೇಳಿದರು.

"ಹೌದು."

"ನಿಮಗೆ ಬುದ್ಧಿ ಉಂಟಾ ಮಾರಾಯ್ರೆ? ಒಂದು ಮಾತು ಹೇಳಿದ್ರೆ ನಾನು ಮಾಂಸ ಮೊಸರಲ್ಲಿ ನೆನೆ ಹಾಕ್ತಿರ್ಲಿಲ್ವಾ?"

ಹೆಂಡತಿ ಮನೆಗೆ ಬಂದ ಮೇಲೆ ಎರಡು ತಿಂಗಳು ಯಾರ ಫೋನನ್ನೂ ಎತ್ತಲಿಲ್ಲ. ಗಿರಾಕಿಗಳು ಕೇಳುತ್ತಾರೆ, ಇಲ್ಲ ಎನ್ನಬೇಕು, ಯಾಕೆ ಎಂದು ಕೇಳುತ್ತಾರೆ. ಮೆಣಸಿನ ಪುಡಿ ಮಾಡು ಎಂದೆ. ಅದನ್ನು ಯಾರು ಬೇಕಾದರೂ ಮಾಡುತ್ತಾರೆ ಎಂದಳು. ಕೊಳವೆ ಊದಿ ಬರೆದಿಡುವುದೊಂದೇ ದಿನದ ಕೆಲಸ. ಮುಳ್ಳು ಮೇಲೆ ಬಂತು, ಒಂದು ಗೆರೆಯವರೆಗೆ ಬಂದು ಅಲ್ಲೇ ನಿಂತಿತು. ಅಲ್ಲಿಂದ ಮೇಲೆ ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ.

ಒಂದು ಬೆಳಿಗ್ಗೆ ಬಂದರಿನ ಅಕ್ಕನೇ ಬಂದು ನಿಂತರು.

"ಹೊರಡಿ ಅಕ್ಕ, ಅಡುಗೆಮನೆಗೆ ಜನ ಬೇಕು."

"ನಿಮ್ಮಲ್ಲಿ ಪಪ್ಪಾಯಿ ಉಂಟಲ್ಲ. ನನಗೆ ಆಗುವುದಿಲ್ಲ."

"ಇಲ್ಲ. ತೆಗೆದೆ."

"ಎಂತ ತೆಗೆದದ್ದು?"

"ಪಪ್ಪಾಯಿ. ಇಡೀ ಅಡುಗೆಮನೆ ತೊಳೆಸಿದ್ದೇನೆ, ತುರಿಮಣೆ ಸಮೇತ ಬಿಸಾಡಿದೆ. ಇನ್ನು ಮೊಸರು, ಲಿಂಬೆ. ನಮ್ಮ ಉಮ್ಮ, ಅಜ್ಜಿ ಎಲ್ಲ ಹಾಗೇ ಮಾಡ್ತಿದ್ದದ್ದು. ನಾನು ಅವಸರಕ್ಕೆ ಪಪ್ಪಾಯಿ ಹಿಡಿದದ್ದು."

ಹೆಂಡತಿ ಅವರನ್ನೇ ನೋಡಿದಳು. ಬೇಡ ಎನ್ನಲು ಬಾಯಿ ತೆರೆದವಳು ಎದ್ದು ಸೀರೆ ಬದಲಿಸಲು ಹೋದಳು.

ಅವಳ ಕೆಲಸ ಮಸಾಲೆಯ ಹದ ಹೇಳುವುದು, ರುಚಿ ನೋಡುವುದು. ಹೊಗೆ ತಾಗದಂತೆ ಬಾಗಿಲ ಹತ್ತಿರ ಒಂದು ಕುರ್ಚಿ. ಮೊದಲ ದಿನ ನಾನೇ ಬಿಡಲು ಹೋದೆ. ಸ್ನಾನ ಮಾಡಿ ಹೊಸ ಅಂಗಿ ಹಾಕಿದ್ದರೂ ಬಂದರಿನ ಅಕ್ಕ ನನ್ನನ್ನು ಒಳಗೆ ಬಿಡಲಿಲ್ಲ, ಎದುರಿನ ಗೋದಾಮಿನ ಜಗಲಿ ತೋರಿಸಿದರು. ಅಲ್ಲಿ ಕೂತೆ. ಓಣಿಯಲ್ಲಿ ಮೀನಿನ ನೀರು ಹರಿಯುತ್ತಿತ್ತು. ಬಾಗಿಲಿನಿಂದ ಹೆಂಡತಿಯ ಬೆನ್ನು ಕಾಣುತ್ತಿತ್ತು, ಅದು ಏರಿಳಿಯುವುದನ್ನು ನೋಡುತ್ತಿದ್ದೆ.

ಹನ್ನೊಂದೂವರೆಗೆ ಬಿರಿಯಾನಿ ಒಯ್ಯುವ ವ್ಯಾನು ಬಂತು. ಅಕ್ಕ ಪಾತ್ರೆಯ ಮುಚ್ಚಳ ತೆಗೆದು ಒಂದು ತುಂಡನ್ನು ಬೆರಳಿನಲ್ಲಿ ಒತ್ತಿದರು.

"ಇನ್ನೂ ಅರ್ಧ ಗಂಟೆ ಬೇಕು."

ವ್ಯಾನಿನವನು ಹಾರ್ನ್ ಹೊಡೆದ. "ಅಲ್ಲಿ ಜನ ಕೂತಾಗಿದೆ ಮಾರಾಯ್ರೆ."

"ಕೂತ್ಕೊಳ್ಳಲಿ. ನಿಂತ್ಕೊಂಡು ತಿನ್ಲಿಕ್ಕೆ ಆಗ್ತದಾ?"

"ನನ್ನಿಂದಾಗಿ ತಡವಾಯ್ತು," ಎಂದಳು ಹೆಂಡತಿ.

"ನಿಮ್ಮಿಂದ ಅಲ್ಲ ಅಕ್ಕ, ಕುರಿಯಿಂದ. ಕಟುಕ ನನಗೆ ಅವನ ಅಜ್ಜನ ಕಾಲದ ಕುರಿ ಕೊಟ್ಟಿದ್ದಾನೆ."

ಹೆಂಡತಿ ನಕ್ಕಳು. ನಗು ಕೆಮ್ಮಿಗೆ ತಿರುಗಿತು, ಸಣ್ಣದು, ಎರಡು ಸಲ. ಅಕ್ಕ ಸೌಟು ಹಿಡಿದು ನಿಂತರು. ನಾನು ಜಗಲಿಯಿಂದ ಅರ್ಧ ಎದ್ದಿದ್ದೆ. ಅವಳು ಹಿಂದೆ ತಿರುಗದೆ ಕೈಯಾಡಿಸಿ ನನ್ನನ್ನು ಕೂರಲು ಹೇಳಿದಳು. ಕೂತೆ. ವ್ಯಾನಿನವನು ಎಂಜಿನ್ ಆರಿಸಿ ನನ್ನ ಪಕ್ಕ ಬಂದು ಕೂತ.

"ಎಂತ, ಇವತ್ತು ಬೇಯುವುದೇ ಇಲ್ವಾ?" ಎಂದು ಕೇಳಿದ.

"ಬೇಯ್ತದೆ," ಎಂದೆ. "ತಡವಾಗ್ತದೆ."